ಹಳೆ ಎಲ್‌ಪಿಗೆ ಹಬೆ ಹಿಡಿದು ತೊಳೆಯೋದು: ಯಾವಾಗ ಬೇಕು, ಹೇಗೆ ಮಾಡಬೇಕು

ಎಲ್‌ಪಿ ಅಂದರೆ ವಿನೈಲ್ ಅನ್ನುವ ಪ್ಲಾಸ್ಟಿಕ್‌ನಿಂದ ಮಾಡಿದ ದೊಡ್ಡ ರೆಕಾರ್ಡು. ಅದನ್ನು ತೊಳೆಯುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಯಾವ ದ್ರಾವಣ ಹಾಕ್ತೀರಾ ಅಂತ. ಹಾಕಿದ್ದನ್ನು ವಾಪಸ್ ಹೇಗೆ ತೆಗೀತೀರಾ ಅಂತ ಕೇಳುವವರು ತುಂಬಾ ಕಡಿಮೆ. ಆದರೆ ರೆಕಾರ್ಡು ಚೊಕ್ಕವಾಗುತ್ತೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ. ಹಬೆ ಕೊಳೆಯನ್ನು ಸಡಿಲ ಮಾಡುತ್ತದೆ, ದ್ರಾವಣ ಅದನ್ನು ಎತ್ತಿ ತೇಲಿಸುತ್ತದೆ, ಆದರೆ ಆ ಕೊಳೆನೀರು ತಟ್ಟೆಯ ಮೇಲೆಯೇ ಒಣಗಿಬಿಟ್ಟರೆ ಮುಳ್ಳು ಓಡುವ ಗೆರೆಯ ಬದಿಗಳಲ್ಲಿದ್ದ ಕೊಳೆಯೆಲ್ಲಾ ತಳಕ್ಕೆ ಇಳಿದು ಮತ್ತೆ ಗಟ್ಟಿಯಾಗಿ ಕೂರುತ್ತದೆ. ನೋಡೋಕೆ ಪಳಪಳ ಹೊಳೆಯುತ್ತದೆ. ಹಾಕಿ ಕೇಳಿದರೆ ಚಿಟಚಿಟ ಸದ್ದು ಮೊದಲಿಗಿಂತ ಜಾಸ್ತಿ. ಹಾಗಾಗಿ ಮುಂದೆ ಓದುವಾಗ ಹಬೆ ಹಿಡಿಯುವ ಭಾಗಕ್ಕಿಂತ ಕೊಳೆನೀರು ತೆಗೆಯುವ ಭಾಗವನ್ನು ಗಮನ ಕೊಟ್ಟು ಓದಿ.

ಒಂದು ಲೆಕ್ಕ ನೋಡಿ. 12 ಇಂಚಿನ ಎಲ್‌ಪಿಯ ಒಂದು ಬದಿ 20 ನಿಮಿಷ ಓಡಿದರೆ, ನಿಮಿಷಕ್ಕೆ 33⅓ ಸುತ್ತಿನಂತೆ ಸುಮಾರು 667 ಸುತ್ತು ಆಗುತ್ತದೆ. ಆ ಗೆರೆಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ 400 ಮೀಟರಿಗೂ ಜಾಸ್ತಿ. ಅಗಲ ಮಾತ್ರ 0.05 ಮಿಲಿಮೀಟರ್ ಆಸುಪಾಸು. ಒಣ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಧೂಳು ಹೋಗುತ್ತದೆ, ಒಳಗಿನದನ್ನು ಬಟ್ಟೆ ಮುಟ್ಟುವುದೇ ಇಲ್ಲ. ಬರೀ ನೀರೂ ಅಷ್ಟೇ, ವಿನೈಲ್ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ ಹೊರತು ಗೆರೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ನೀರು ಹರಡಿ ಒಳಗೆ ಇಳಿಯಲಿ ಅಂತಲೇ ಅದಕ್ಕೆ ಒಂದಿಷ್ಟು ಬೇರೆ ವಸ್ತು ಬೆರೆಸುವುದು. ಜಿಡ್ಡು ಮೆತ್ತಗಾಗಲಿ ಅಂತ ಬೇಕಿದ್ದರೆ ಹಬೆ ಹಿಡಿಯುವುದು.

ಮೊದಲು ಕೈಯಲ್ಲಿರೋದು ವಿನೈಲೇ ಹೌದಾ ನೋಡಿ

ಇದನ್ನು ದಯವಿಟ್ಟು ಹಾರಿಸಬೇಡಿ. ಅಜ್ಜನ ಟ್ರಂಕಿನಿಂದ ಹೊರಬಂದ ರೆಕಾರ್ಡುಗಳಲ್ಲಿ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳೂ ಸೇರಿಕೊಂಡಿರುತ್ತವೆ. ಅವು ವಿನೈಲ್ ಅಲ್ಲ, ಅರಗಿಗೆ ಕಲ್ಲಿನ ಪುಡಿಯಂಥವನ್ನು ಬೆರೆಸಿ ಮಾಡಿದವು. ಬಡಗಿಗಳು ಮರಕ್ಕೆ ಹೊಡೆಯುವ ಪಾಲಿಶ್ ತಯಾರಾಗುವುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ, ಅಲ್ವಾ? ಅದೇ ಕೆಲಸ ನಿಮ್ಮ ಪ್ಲೇಟಿನ ಮೇಲೂ ಆಗುತ್ತದೆ. ಆಲ್ಕೋಹಾಲ್ ಇರುವ ಯಾವ ದ್ರಾವಣ ತಾಗಿದರೂ ಗೆರೆ ಕರಗಿ ಹೋಗುತ್ತದೆ, ಆಮೇಲೆ ಅದನ್ನು ಯಾರೂ ಸರಿ ಮಾಡಲಾರರು. ಬಿಸಿಯೂ ಅರಗಿಗೆ ಆಗದು. ಅಂದರೆ 78ಕ್ಕೆ ಹಬೆಯೂ ಇಲ್ಲ, ಆಲ್ಕೋಹಾಲೂ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. 78ರ ಪ್ಲೇಟು ಸಾಮಾನ್ಯವಾಗಿ 10 ಇಂಚು, ಕೈಗೆ ಭಾರ, ಒಂದು ಚೂರೂ ಬಾಗುವುದಿಲ್ಲ, ಬಿದ್ದರೆ ಚೂರುಚೂರು. ಲೇಬಲ್ ಮೇಲೆ ವೇಗ ಬರೆದಿದ್ದರೆ ಸುಲಭ. ಕಂಪನಿಯ ಹೆಸರು ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಎಚ್‌ಎಂವಿಯ ನಾಯಿಯ ಚಿತ್ರ ಅರಗಿನ ಪ್ಲೇಟಿನ ಮೇಲೂ ಇದೆ, ವಿನೈಲ್ ಮೇಲೂ ಇದೆ. ವರ್ಷ ನೋಡಿ ತೀರ್ಮಾನ ಮಾಡುವುದೂ ಸರಿಯಲ್ಲ. ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ 1948ರಲ್ಲೇ ಎಲ್‌ಪಿ ತಂದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78ರ ಪ್ಲೇಟುಗಳು ಅಚ್ಚಾಗುತ್ತಿದ್ದವು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಧ್ವನಿ, ಪಿ. ಕಾಳಿಂಗರಾಯರ ಭಾವಗೀತೆ, ಕಂಪನಿ ನಾಟಕದ ಹಾಡು, ಹರಿಕಥೆ, ಇವೆಲ್ಲಾ ಅಂಥ ಪ್ಲೇಟುಗಳಲ್ಲೇ ಮನೆಮನೆಗೆ ಬಂದವು. ಇಂಥ ಪ್ಲೇಟು ನಿಮ್ಮ ಹತ್ತಿರ ಇದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಗೆರೆಯ ಗುಂಟ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ನೀರಿನಲ್ಲಿ ನೆನೆಹಾಕಬೇಡಿ. 78ಕ್ಕೆ ಅಷ್ಟು ಸಾಕು.

ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ಮಾತು. ಅಲ್ಲಿನ ಹಳೆ ಅಂಗಡಿಗಳಲ್ಲಿ ಸಿಗುವ 7 ಇಂಚಿನ 45ಗಳಲ್ಲಿ (ನಿಮಿಷಕ್ಕೆ 45 ಸುತ್ತು ತಿರುಗುವ ರೆಕಾರ್ಡುಗಳಲ್ಲಿ) ಕೆಲವು ವಿನೈಲ್ ಅಲ್ಲ, ಪಾಲಿಸ್ಟೈರೀನ್ ಅನ್ನುವ ಬೇರೆ ಪ್ಲಾಸ್ಟಿಕ್. ಅವು ಬಾಗುವುದಿಲ್ಲ, ಲೇಬಲ್ ಬರೀ ಅಂಟಿಸಿದ್ದಾಗಿರುತ್ತದೆ. ಅವುಗಳಿಗೂ ಹಬೆ ಬೇಡ.

ಹಬೆ ಎಲ್ಲಾ ರೆಕಾರ್ಡಿಗೂ ಬೇಕಾಗಿಲ್ಲ

ಹೊಸದಾಗಿ ಕೊಂಡ ಎಲ್‌ಪಿ, ಚೆನ್ನಾಗಿ ಇಟ್ಟುಕೊಂಡಿರುವ ಹಳೆ ಎಲ್‌ಪಿ, ಸುಮ್ನೆ ಧೂಳು ಕೂತಿರುವುದು, ಇವಕ್ಕೆಲ್ಲಾ ದ್ರಾವಣ ಮತ್ತು ಬ್ರಷ್ ಸಾಕು. ಹಬೆ ನಿಜವಾಗಿ ಕೆಲಸಕ್ಕೆ ಬರುವುದು ಮೂರು ಕಡೆ. ಬೂಷ್ಟು ಹಿಡಿದಾಗ, ಬೆರಳಿನ ಜಿಡ್ಡು ವರ್ಷಗಟ್ಟಲೆ ಕೂತು ಗಟ್ಟಿಯಾದಾಗ, ಮತ್ತೆ ಅಡುಗೆಮನೆ ಹೊಗೆ, ಊದುಬತ್ತಿ ಹೊಗೆ, ಸಿಗರೇಟು ಹೊಗೆ ಸೇರಿ ತಟ್ಟೆಯ ಮೇಲೆ ಮಬ್ಬು ಪದರ ಕಟ್ಟಿದಾಗ. ಮಲೆನಾಡು, ಕರಾವಳಿ ಕಡೆಯ ಮನೆಗಳಿಂದ ಬಂದ ರೆಕಾರ್ಡುಗಳಲ್ಲಿ ಬೂಷ್ಟು ಸಾಮಾನ್ಯ. ಬಿಳಿ ಚುಕ್ಕೆ ಚುಕ್ಕೆಯಾಗಿ, ಕೆಲವು ಸಲ ಬಲೆಯಂತೆ ಹರಡಿರುತ್ತದೆ. ದ್ರಾವಣ ಹಾಕಿ ಎಷ್ಟು ಉಜ್ಜಿದರೂ ಚುಕ್ಕೆಯ ಗುರುತು ಉಳಿದರೆ ಆಗ ಹಬೆಯ ಕಡೆ ಹೋಗಿ.

ತೊಳೆದರೂ ಹೋಗದ ಸದ್ದೂ ಇದೆ, ಅದನ್ನು ಮೊದಲೇ ತಿಳಿದುಕೊಂಡರೆ ಸುಮ್ಮನೆ ಶ್ರಮ ಆಗುವುದಿಲ್ಲ. ಕೊಳೆಯಿದ್ದರೆ ಚಿಟ್, ಪಟ್ ಅಂತ ಎಲ್ಲೆಲ್ಲೋ ಕೇಳುತ್ತದೆ. ಸವೆದ ಗೆರೆ ಹಾಗಲ್ಲ, ಗಾಯಕರು ಸ್ವರ ಏರಿಸಿದಾಗ, ‘ಸ’ ‘ಶ’ ಬರುವಲ್ಲಿ, ತಟ್ಟೆಯ ಒಳಸುತ್ತಿಗೆ ಬಂದಾಗ ಧ್ವನಿಯೇ ಒಡೆದು ಕರಕರ ಆಗುತ್ತದೆ. ಸವೆದ ಮುಳ್ಳಿನಲ್ಲಿ ಹತ್ತಾರು ವರ್ಷ ಓಡಿಸಿದ ಸಿನಿಮಾ ಹಾಡಿನ ಇಪಿಗಳಲ್ಲಿ, ಅಂದರೆ ಕೆಲವೇ ಹಾಡಿರುವ ಸಣ್ಣ ರೆಕಾರ್ಡುಗಳಲ್ಲಿ, ಇದು ತುಂಬಾ. ಅದಕ್ಕೆ ಯಾವ ಹಬೆಯೂ ಮದ್ದಲ್ಲ. ಗೀರು ಕೂಡ ಅಷ್ಟೇ, ಪ್ರತಿ ಸುತ್ತಿಗೂ ಒಂದೇ ತಾಳದಲ್ಲಿ ಟಕ್ ಟಕ್ ಅಂದರೆ ಅದು ಗೀರು.

ನನ್ನ ಸಲಹೆ ಕೇಳಿದರೆ ಮೊದಲು ಶ್ರಮ ಹಾಕಬೇಕಾದದ್ದು ಶಾಸ್ತ್ರೀಯ ಸಂಗೀತದ ಎಲ್‌ಪಿಗಳಿಗೆ. ಮಲ್ಲಿಕಾರ್ಜುನ ಮನ್ಸೂರರದ್ದೋ ಭೀಮಸೇನ ಜೋಶಿಯವರದ್ದೋ ಎಲ್‌ಪಿ ಹಾಕಿ ನೋಡಿ, ರಾಗ ಮೆಲ್ಲಗೆ ಬಿಚ್ಚಿಕೊಳ್ಳುವಾಗ ಹಿಂದೆ ತಂಬೂರಿ, ಮೆಲುವಾಗಿ ನುಡಿಯುವ ಒಂದೆರಡು ವಾದ್ಯ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿ ಒಂದು ಸಣ್ಣ ಚಿಟ್ ಬಂದರೂ ಮನಸ್ಸಿಗೆ ಚುಚ್ಚುತ್ತದೆ. ತುಂಬು ವಾದ್ಯಗೋಷ್ಠಿಯ ಸಿನಿಮಾ ಹಾಡಿನಲ್ಲಿ ಅದೇ ಸದ್ದು ಮುಚ್ಚಿಹೋಗುತ್ತದೆ.

ಸಾಮಾನು

ಹಬೆಗೆ ಬಟ್ಟೆ ಇಸ್ತ್ರಿ ಮಾಡುವ ಕೈಹಿಡಿಯ ಸ್ಟೀಮರ್ ಸರಿ. ಗಾರ್ಮೆಂಟ್ ಸ್ಟೀಮರ್ ಅಂತ ಕೇಳಿದರೆ ಎಲ್ಲಾ ಕಡೆ ಸಿಗುತ್ತದೆ. ನೆಗಡಿ ಆದಾಗ ಮೂಗಿಗೆ ಹಬೆ ತಗೊಳ್ಳುವ ಸಣ್ಣ ಪ್ಲಾಸ್ಟಿಕ್ ಯಂತ್ರ ಮನೆಯಲ್ಲೇ ಇದೆಯಲ್ಲ, ಅದನ್ನೇ ಬಳಸೋಣ ಅಂತ ಅನ್ನಿಸಬಹುದು. ಬೇಡ. ಅಗ್ಗದ ಯಂತ್ರಗಳಲ್ಲಿ ಕೆಲವು ನೀರಿನ ಮೂಲಕವೇ ಕರೆಂಟ್ ಹರಿಸಿ ಕಾಯಿಸುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕಿದರೆ ಅದರಲ್ಲಿ ಕರೆಂಟ್ ಹರಿಯದೆ ಹಬೆಯೇ ಬರುವುದಿಲ್ಲ, ನಲ್ಲಿ ನೀರು ಹಾಕಿದರೆ ಬಿಸಿನೀರಿನ ಹನಿ ಸಿಡಿದು ತಟ್ಟೆಯ ಮೇಲೆ ಉಪ್ಪಿನ ಕಲೆ ಬಿಡುತ್ತದೆ. ಕುಕ್ಕರ್, ಇಡ್ಲಿ ಪಾತ್ರೆ, ಕುದಿಯುವ ಕೆಟಲ್ ಮೇಲೆ ರೆಕಾರ್ಡು ಹಿಡಿಯುವ ಯೋಚನೆಯನ್ನಂತೂ ಬಿಟ್ಟುಬಿಡಿ. ಆ ಹಬೆಯ ದಿಕ್ಕು, ಜೋರು ಯಾವುದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೈ ಸುಡುವ ಭಯ ಬೇರೆ.

ನೀರು ಡಿಸ್ಟಿಲ್ಡ್ ಆಗಿರಲೇಬೇಕು, ಸ್ಟೀಮರ್‌ಗೂ, ದ್ರಾವಣಕ್ಕೂ, ಕೊನೆಯಲ್ಲಿ ಜಾಲಾಡಲಿಕ್ಕೂ. ಬೋರ್‌ವೆಲ್ ನೀರು ಒಣಗಿದ ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ರೆಕಾರ್ಡಿನ ಗೆರೆಯೊಳಗೂ ಅದೇ ಪೊರೆ ಕಟ್ಟುತ್ತದೆ. ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿಗಳಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಲೇಬಲ್ ಓದಿ, ಅದೇ ಅಂಗಡಿಯಲ್ಲಿ ಬ್ಯಾಟರಿಯ ಆಸಿಡ್ ಕೂಡ ಇರುತ್ತದೆ. ಸೀಲ್ ಆಗಿರುವ ಕ್ಯಾನನ್ನೇ ತಗೊಳ್ಳಿ. ನಿಮ್ಮ ಸ್ಟೀಮರ್‌ನ ಕೈಪಿಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಬಗ್ಗೆ ಏನಾದರೂ ಹೇಳಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ರೆಕಾರ್ಡು ಇಡಲು ಕೇಕ್ ಮಾಡುವವರು ಬಳಸುವ ತಿರುಗುವ ಸ್ಟ್ಯಾಂಡು ಬಹಳ ಚೆನ್ನಾಗಿದೆ. ಅದರ ಮೇಲೆ ಜಾರದ ರಬ್ಬರ್ ಮ್ಯಾಟ್ ಹಾಸಿ. ಹಾಡು ಕೇಳುವ ಟರ್ನ್‌ಟೇಬಲ್ ಮೇಲೆಯೇ ತೊಳೆಯಲು ಹೋಗಬೇಡಿ, ನೀರು ಒಳಗಿಳಿದರೆ ಮೋಟಾರು, ಬೇರಿಂಗ್ ಎರಡೂ ಹಾಳು. ಲೇಬಲ್ ಮುಚ್ಚಲು ಸುಮಾರು 4 ಇಂಚು ಅಗಲದ, ಅಂಚಿಗೆ ರಬ್ಬರ್ ಇರುವ ಡಬ್ಬಿಯ ಮುಚ್ಚಳ ಆಗುತ್ತದೆ. ಎಲ್‌ಪಿಯ ಲೇಬಲ್ ಅಷ್ಟೇ ಅಗಲ ಇರುವುದು. ಹಳೆ ಲೇಬಲ್‌ನ ಬಣ್ಣ ನೀರು ತಾಗಿದರೆ ಹರಡುತ್ತದೆ, ಹಬೆಗೆ ಕಾಗದ ಉಬ್ಬುತ್ತದೆ, ಹಾಗಾಗಿ ಇದನ್ನು ಬಿಡಬೇಡಿ.

ಬ್ರಷ್ ತುಂಬಾ ಮೆತ್ತಗಿರಬೇಕು. ಮೇಕೆ ಕೂದಲಿನದ್ದು ಆಗಬಹುದು, ವೆಲ್ವೆಟ್ ಪ್ಯಾಡ್ ಆಗಬಹುದು. ತೊಳೆಯಲು ಒಂದು, ಜಾಲಾಡಲು ಇನ್ನೊಂದು, ಒಂದರ ಕೆಲಸಕ್ಕೆ ಇನ್ನೊಂದು ಬೇಡ. ಮೈಕ್ರೋಫೈಬರ್ ಬಟ್ಟೆ ಎಷ್ಟಿದ್ದರೂ ಸಾಲದು, ಜಾಸ್ತಿಯೇ ಇಟ್ಟುಕೊಳ್ಳಿ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿ ಬಳಸಿ, ಕಂಫರ್ಟ್ ಥರದ ಮೆದುಗೊಳಿಸುವ ಲಿಕ್ವಿಡ್ ಹಾಕಬೇಡಿ, ಅದು ಬಟ್ಟೆಯಿಂದ ರೆಕಾರ್ಡಿಗೆ ಅಂಟುತ್ತದೆ.

ದ್ರಾವಣ

ನಾನು ಎರಡು ಥರ ಇಟ್ಟುಕೊಳ್ಳುತ್ತೇನೆ. ಮೊದಲನೆಯದು ಆಲ್ಕೋಹಾಲ್ ಇಲ್ಲದ್ದು: ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ನಾಲ್ಕೈದು ಹನಿ ನಾನ್-ಅಯಾನಿಕ್ ವೆಟಿಂಗ್ ಏಜೆಂಟ್, ಅಂದರೆ ನೀರು ಹನಿಯಾಗಿ ನಿಲ್ಲದೆ ಹರಡುವಂತೆ ಮಾಡುವ ವಸ್ತು. ಫೋಟೋ ಫಿಲ್ಮ್ ತೊಳೆಯುವವರು ಬಳಸುವ ಕೊಡಕ್ ಫೋಟೋ-ಫ್ಲೋ, ಇಲ್‌ಫೋರ್ಡ್ ಇಲ್ಫೊಟಾಲ್ ಇದೇ ಕೆಲಸ ಮಾಡುವಂಥವು, ಫೋಟೋಗ್ರಫಿ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಧ್ವನಿಮುದ್ರಿಕೆ ತೊಳೆಯಲು ಹೇಳುವ ದ್ರಾವಣದಲ್ಲೂ ಇರುವುದು ನೀರು ಮತ್ತು ಟರ್ಜಿಟಾಲ್ ಅನ್ನುವ ಇಂಥದೇ ವಸ್ತು, ಆಲ್ಕೋಹಾಲ್ ಇಲ್ಲ. ಹನಿ ಜಾಸ್ತಿಯಾದರೆ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ನೊರೆ ಬಂದಷ್ಟೂ ಅದನ್ನು ಜಾಲಾಡಿ ತೆಗೆಯುವುದು ಕಷ್ಟ.

ಎರಡನೆಯದು ಹಠಮಾರಿ ಜಿಡ್ಡಿಗೆ. 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಮೂರು ಹನಿ ಅದೇ ವೆಟಿಂಗ್ ಏಜೆಂಟ್. ಮೊಬೈಲ್ ರಿಪೇರಿಯವರು ಐಪಿಎ ಅಂತ ಕರೆಯುವುದು ಇದನ್ನೇ, ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. 99 ಪರ್ಸೆಂಟ್ ಅಥವಾ ಅದಕ್ಕಿಂತ ಶುದ್ಧ ಅಂತ ಬರೆದದ್ದನ್ನು ಕೊಳ್ಳಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇರೆ, ಅದರಲ್ಲಿ ಎಣ್ಣೆಯಂಥವು ಬೆರೆತಿರಬಹುದು. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅದೂ ಬೇಡ. ಈ ಎರಡನೇ ದ್ರಾವಣ ವಿನೈಲ್ ಮೇಲೆ ಸ್ವಲ್ಪ ಹೊತ್ತು ಇದ್ದರೆ ತೊಂದರೆಯಿಲ್ಲ. ಆದರೆ ಹಾಕಿಟ್ಟು ಕಾಫಿ ಕುಡಿಯೋಕೆ ಹೋಗಬೇಡಿ.

ಬೂಷ್ಟಿಗೆ, ಬೆರಳಿನ ಜಿಡ್ಡಿಗೆ ಎನ್‌ಜೈಮ್ (ಕೊಳೆಯನ್ನು ಒಡೆಯುವ ಜೈವಿಕ ವಸ್ತು) ಇರುವ ರೆಡಿಮೇಡ್ ದ್ರಾವಣಗಳೂ ಬರುತ್ತವೆ. ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಒಂದೆರಡು ನಿಮಿಷ ಬಿಡಬೇಕು ಅಷ್ಟೇ. ಬಿಸಿ ತಾಗಿದರೆ ಎನ್‌ಜೈಮ್ ಕೆಲಸ ನಿಲ್ಲಿಸುತ್ತದೆ, ಹಾಗಾಗಿ ಎನ್‌ಜೈಮ್ ತನ್ನ ಕೆಲಸ ಮುಗಿಸಿ ನೀವು ಅದನ್ನು ಒರೆಸಿ ತೆಗೆದ ಮೇಲೆ ಹಬೆ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಬಣ್ಣ, ಪರಿಮಳ, ಕೈ ಒರಟಾಗದಿರಲಿ ಅಂತ ಹಾಕಿದ್ದು, ಏನೇನೋ ಇರುತ್ತದೆ. ಬೇರೇನೂ ಸಿಗದಿದ್ದಾಗ ಒಂದು ಲೀಟರಿಗೆ ಒಂದು ಹನಿ ಹಾಕಿ, ಎರಡು ಮೂರು ಸಲ ಜಾಲಾಡಿ. ಕಿಟಕಿ ಗಾಜು ಒರೆಸುವ ನೀಲಿ ಲಿಕ್ವಿಡ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಇವು ಯಾವತ್ತೂ ಬೇಡ. ಹಳೆ ಸಾಮಾನಿನ ಅಂಗಡಿಯಿಂದ ತಂದ ರೆಕಾರ್ಡು ತೀರಾ ಮಿಂಚುತ್ತಿದ್ದರೆ, ಮುಟ್ಟಿದಾಗ ಜಾರಿದಂತಾದರೆ ಯಾರೋ ಹೊಳಪಿಗೆ ಎಣ್ಣೆ ಒರೆಸಿರಬಹುದು. ಅದನ್ನು ಮೊದಲು ಎರಡನೇ ದ್ರಾವಣದಿಂದ ತೊಳೆದು ತೆಗೆಯಬೇಕು. ಫೆವಿಕಾಲ್ ಥರದ ಬಿಳಿ ಗೋಂದು ಬಳಿದು, ಒಣಗಿದ ಮೇಲೆ ಸಿಪ್ಪೆಯ ಹಾಗೆ ಸುಲಿಯುವ ವಿಧಾನವೂ ಇದೆ. ಕೆಲಸ ಮಾಡುವುದು ನಿಜ, ಆದರೆ ತೆಳುವಾಗಿ ಬಳಿದ ಕಡೆ ಹರಿದು ಗೆರೆಯಲ್ಲೇ ಚೂರು ಉಳಿದರೆ ತೆಗೆಯಲು ಪರದಾಡಬೇಕು. ಬೆಲೆಬಾಳುವ ರೆಕಾರ್ಡಿನ ಮೇಲೆ ನಾನು ಅದನ್ನು ಮಾಡುವುದಿಲ್ಲ.

ಹಬೆ ಹಿಡಿಯುವ ಕ್ರಮ

ಇಲ್ಲಿ ಒಂದು ಅಪಾಯ ಇದೆ, ಮೊದಲೇ ಹೇಳಿಬಿಡುತ್ತೇನೆ. ಐಪಿಎಗೆ ಬಹಳ ಬೇಗ ಬೆಂಕಿ ಹತ್ತುತ್ತದೆ, ನೀರಿಗೆ ಬೆರೆಸಿದ ಮೇಲೂ ಬಿಸಿ ತಾಗಿದರೆ ಅದರ ಆವಿ ಉರಿಯಬಲ್ಲದು. ಆದ್ದರಿಂದ ಐಪಿಎ ಇರುವ ದ್ರಾವಣ ಹಚ್ಚಿದ ರೆಕಾರ್ಡಿಗೆ ಹಬೆ ಹಿಡಿಯಬಾರದು, ಸ್ಟೀಮರ್ ನೀರಿಗೆ ಐಪಿಎ ಬೆರೆಸಲೇಬಾರದು. ಹಬೆಯ ಜೊತೆಗೆ ಯಾವಾಗಲೂ ಮೊದಲನೇ ದ್ರಾವಣ, ಅಂದರೆ ಆಲ್ಕೋಹಾಲ್ ಇಲ್ಲದ್ದು. ಎರಡನೆಯದು ಬೇಕಾದರೆ ಸ್ಟೀಮರ್ ಪ್ಲಗ್ ತೆಗೆದು ದೂರ ಇಟ್ಟ ಮೇಲೆ, ಕಿಟಕಿ ತೆಗೆದ ಕೋಣೆಯಲ್ಲಿ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಈ ಕೆಲಸ ಬೇಡ.

ಬೂಷ್ಟು ಹಿಡಿದ ರೆಕಾರ್ಡಾದರೆ ಮೊದಲು ಮಾಸ್ಕ್ ಹಾಕಿಕೊಂಡು ಹೊರಗೆ, ಬಾಲ್ಕನಿಯಲ್ಲೋ ಅಂಗಳದಲ್ಲೋ, ಒಣ ಬ್ರಷ್‌ನಿಂದ ಮೇಲಿನದನ್ನು ತೆಗೆಯಿರಿ. ಒಳಗೆ ಮಾಡಿದರೆ ಬೂಷ್ಟಿನ ಪುಡಿ ಮಿಕ್ಕ ರೆಕಾರ್ಡುಗಳ ಮೇಲೂ ಕೂರುತ್ತದೆ. ಅದರ ಒಳಗಿನ ಕಾಗದದ ಕವರ್ ಎಸೆದುಬಿಡಿ.

ರೆಕಾರ್ಡನ್ನು ಸ್ಟ್ಯಾಂಡಿನ ಮೇಲೆ ಸಮನಾಗಿ ಇಟ್ಟು ಲೇಬಲ್ ಮುಚ್ಚಿ. ಮೊದಲನೇ ದ್ರಾವಣವನ್ನು ಸ್ಪ್ರೇ ಬಾಟಲಿಯಿಂದ ತೆಳುವಾಗಿ ಹಾಕಿ, ಬ್ರಷ್‌ನಿಂದ ಗೆರೆಯ ಗುಂಟ ಹರಡಿ. ಸ್ಟೀಮರ್ ಹಚ್ಚಿ, ಮೊದಲ ಹಬೆಯನ್ನು ಬಕೆಟ್ಟಿನ ಕಡೆ ಬಿಡಿ, ಯಾಕೆಂದರೆ ಶುರುವಿನಲ್ಲಿ ಹಬೆಯ ಜೊತೆ ಕುದಿನೀರಿನ ಹನಿಗಳು ಉಗುಳಿದಂತೆ ಬರುತ್ತವೆ. ಹಬೆ ಒಂದೇ ಸಮನೆ ಬರತೊಡಗಿದ ಮೇಲೆ ರೆಕಾರ್ಡಿನಿಂದ ಒಂದು ಗೇಣು ದೂರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸ್ಟ್ಯಾಂಡನ್ನು ತಿರುಗಿಸುತ್ತಾ ಹೋಗಿ. ಒಂದು ಸುತ್ತಿಗೆ ಹತ್ತು ಸೆಕೆಂಡು, ಎರಡು ಮೂರು ಸುತ್ತು, ಅಷ್ಟು ಸಾಕು. ಒಂದೇ ಜಾಗದಲ್ಲಿ ಹಬೆ ನಿಲ್ಲಬಾರದು. ವಿನೈಲ್ ಮೆತ್ತಗಾಗಲು ನೀರು ಕುದಿಯುವಷ್ಟು ಬಿಸಿ ಬೇಕಾಗಿಲ್ಲ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಎಲ್‌ಪಿಗಳು ಸೊಟ್ಟಗಾಗುತ್ತವಲ್ಲ. ಸ್ಟೀಮರ್ ಬಾಯಲ್ಲಿ ಹಬೆ 100 ಡಿಗ್ರಿ ಇದ್ದರೂ ಗಾಳಿಯಲ್ಲಿ ಒಂದು ಗೇಣು ಬರುವಷ್ಟರಲ್ಲಿ ತುಂಬಾ ತಣಿಯುತ್ತದೆ. ಇಡೀ ಕೆಲಸ ನಿಂತಿರುವುದು ಆ ದೂರದ ಮೇಲೆ.

ನಡುವೆ ಹಬೆ ಪಕ್ಕಕ್ಕೆ ತಿರುಗಿಸಿ ರೆಕಾರ್ಡಿನ ಅಂಚು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿಯಾಗಿದ್ದರೆ ಆಗಲೇ ಜಾಸ್ತಿಯಾಗಿದೆ, ನಿಲ್ಲಿಸಿ, ಅದು ಅಲ್ಲೇ ಸಮತಟ್ಟಾಗಿ ಆರಲಿ. ಬೆಚ್ಚಗಿರುವ ರೆಕಾರ್ಡನ್ನು ಎತ್ತಿ ಬಾಗಿಸಬೇಡಿ. ಹೀಗೆ ಹಬೆ ಹಿಡಿದ ಕೂಡಲೇ ಬ್ರಷ್‌ನಿಂದ ಗೆರೆಯ ಗುಂಟ ಎರಡೂ ದಿಕ್ಕಿಗೆ ಕೆಲವು ಸುತ್ತು ಮೆಲ್ಲಗೆ ಉಜ್ಜಿ. ಒತ್ತುವುದು ಬೇಡ. ಅಡ್ಡಡ್ಡ ಉಜ್ಜಲೇಬೇಡಿ.

ಮೊದಲ ಸಲ ಮಾಡುವವರು ರದ್ದಿಗೆ ಹಾಕುವಂಥ ಯಾವುದಾದರೂ ಎಲ್‌ಪಿಯ ಮೇಲೆ ಕೈ ಪಳಗಿಸಿಕೊಳ್ಳಿ. ಬೆಂಗಳೂರಿನಲ್ಲಿ ಚಿಕ್ಕಪೇಟೆಯ ಸಂಡೇ ಬಜಾರಿನಂಥ ಕಡೆ ಹುಡುಕಿದರೆ ಗೀರು ಬಿದ್ದು ಯಾರಿಗೂ ಬೇಡವಾದ ರೆಕಾರ್ಡು ಸಿಗಬಹುದು. ಸ್ಟೀಮರ್ ಒಂದೊಂದೂ ಒಂದೊಂದು ಥರ, ನಿಮ್ಮದರ ಜೋರು ಎಷ್ಟು ಅನ್ನುವುದು ಕೈಗೆ ತಿಳಿಯಬೇಕು.

ಕೊಳೆನೀರು ತೆಗೆಯುವುದು

ಹಬೆ ನಿಂತ ಮೇಲೆ ತಟ್ಟೆಯ ಮೇಲಿರುವುದು ಕೊಳೆ ತುಂಬಿದ ನೀರು. ಅದು ಒಣಗುವ ಮುಂಚೆ ನೀವು ಗೆಲ್ಲಬೇಕು. ಬೇಸಿಗೆಯಲ್ಲಿ, ಫ್ಯಾನ್ ಹಾಕಿದ ಕೋಣೆಯಲ್ಲಿ ಅದಕ್ಕೆ ಸಿಗುವ ಸಮಯ ಬಹಳ ಕಡಿಮೆ, ಫ್ಯಾನ್ ಆರಿಸಿ.

ಬಟ್ಟೆಯಲ್ಲಿ ಮಾಡುವುದಾದರೆ ಹೀಗೆ. ಒಣ ಮೈಕ್ರೋಫೈಬರ್ ಬಟ್ಟೆಯನ್ನು ಮಡಿಸಿ ತಟ್ಟೆಯ ಮೇಲೆ ಹಗುರವಾಗಿ ಇಡಿ, ಉಜ್ಜಬೇಡಿ, ಅದು ನೀರು ಕುಡಿಯಲಿ. ಆಮೇಲೆ ಗೆರೆಯ ಗುಂಟ ಒಂದು ಸುತ್ತು ಎಳೆಯಿರಿ. ಬಟ್ಟೆ ತಿರುಗಿಸಿ ಹೊಸ ಮಡಿಕೆಯಿಂದ ಇನ್ನೊಂದು ಸುತ್ತು. ಮಡಿಕೆಯ ಮೇಲೆ ಬೂದು ಬಣ್ಣ ಕಂಡರೆ ಅದು ಇಷ್ಟು ದಿನ ನಿಮ್ಮ ಮುಳ್ಳಿನ ಕೆಳಗೆ ಚಿಟಚಿಟ ಅನ್ನುತ್ತಿದ್ದ ಕೊಳೆ. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ ಸ್ಪ್ರೇ ಮಾಡಿ, ಜಾಲಾಡುವ ಬ್ರಷ್‌ನಿಂದ ಹರಡಿ, ಬೇರೆ ಬಟ್ಟೆಯಿಂದ ತೆಗೆಯಿರಿ. ಇದನ್ನು ಎರಡು ಸಲ ಮಾಡಿ. ಮೊದಲ ಸಲದ ನೀರಿನಲ್ಲಿ ದ್ರಾವಣದ ಅಂಶ ಇನ್ನೂ ಉಳಿದಿರುತ್ತದೆ, ಅದು ಒಣಗಿದರೆ ಮುಳ್ಳಿಗೆ ಬೂದು ಅಂಟಾಗಿ ಮೆತ್ತಿಕೊಳ್ಳುತ್ತದೆ. ದುಬಾರಿ ದ್ರಾವಣ ಕೊಂಡು ಒಂದೇ ಸಲ ಜಾಲಾಡುವವರಿಗಿಂತ ಅಗ್ಗದ ದ್ರಾವಣ ಹಾಕಿ ಎರಡು ಸಲ ಜಾಲಾಡುವವರ ರೆಕಾರ್ಡು ಚೆನ್ನಾಗಿ ಕೇಳುತ್ತದೆ, ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಬಟ್ಟೆಗಿಂತ ಒಳ್ಳೆಯದು ಹೀರಿ ತೆಗೆಯುವುದು. ಇಂಗ್ಲೆಂಡಿನಲ್ಲಿ ಕೀತ್ ಮಾಂಕ್ಸ್ 1960ರ ದಶಕದ ಕೊನೆಯಲ್ಲಿ ತಂದ ತೊಳೆಯುವ ಯಂತ್ರ ಮಾಡಿದ್ದೂ ಅದನ್ನೇ, ದ್ರಾವಣ ಹರಡಿ, ಉಜ್ಜಿ, ಸಣ್ಣ ಕೊಳವೆಯಿಂದ ಗೆರೆಯ ಗುಂಟ ನೀರನ್ನು ಹೀರುವುದು. ಈಗಿನ ವ್ಯಾಕ್ಯೂಮ್ ಯಂತ್ರಗಳೆಲ್ಲಾ ಅದೇ ದಾರಿಯವು, ಬೆಲೆ ಮಾತ್ರ ಜಾಸ್ತಿ. ಮನೆಯಲ್ಲಿ ನೀರು ಎಳೆಯುವ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಚಪ್ಪಟೆ ಮೂತಿಯ ಎರಡೂ ಅಂಚಿಗೆ ವೆಲ್ವೆಟ್ ಪಟ್ಟಿ ಅಂಟಿಸಿ, ತಟ್ಟೆಗೆ ಹಗುರವಾಗಿ ತಾಗಿಸಿ, ರೆಕಾರ್ಡನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಬರೀ ಧೂಳು ಎಳೆಯುವ ಸಾಮಾನ್ಯ ವ್ಯಾಕ್ಯೂಮ್‌ನಲ್ಲಿ ಇದನ್ನು ಮಾಡಬೇಡಿ, ಮೋಟಾರಿಗೆ ನೀರು ಹೋಗಿ ಶಾಕ್ ಹೊಡೆಯಬಹುದು. ಐಪಿಎ ಇರುವ ದ್ರಾವಣವನ್ನು ಯಾವ ಮನೆ ವ್ಯಾಕ್ಯೂಮ್‌ನಲ್ಲೂ ಎಳೆಯಬಾರದು, ಮೋಟಾರಿನ ಕಿಡಿಗೆ ಆ ಆವಿ ಹತ್ತಿಕೊಳ್ಳಬಹುದು. ಅದಕ್ಕೆ ಬಟ್ಟೆಯೇ ಸರಿ.

ಈಗ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೂಷ್ಟಿನ ಚುಕ್ಕೆ ಇನ್ನೂ ಇದ್ದರೆ ಇನ್ನೊಂದು ಸಲ ಹಬೆಯಿಂದ ಶುರು ಮಾಡಬಹುದು, ರೆಕಾರ್ಡು ಪೂರ್ತಿ ತಣ್ಣಗಾದ ಮೇಲೆ. ಎರಡನೇ ಸಲಕ್ಕೂ ಗುರುತು ಅಲ್ಲಾಡದಿದ್ದರೆ ಬೂಷ್ಟು ಮೇಲ್ಮೈಗೆ ಕಲೆ ಮಾಡಿಬಿಟ್ಟಿದೆ ಅಂತ ಅರ್ಥ. ಹಾಕಿ ಕೇಳಿ ನೋಡಿ, ಕಣ್ಣಿಗೆ ಕಂಡರೂ ಕಿವಿಗೆ ಕೇಳದೆ ಇರಬಹುದು.

ಒಣಗಿಸುವುದು, ಕವರ್, ಮಳೆಗಾಲ

ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ರೆಕಾರ್ಡುಗಳನ್ನು ನಿಲ್ಲಿಸಿ, ಒಂದಕ್ಕೊಂದು ತಾಗದಂತೆ, ನೆರಳಲ್ಲಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಅರ್ಧ ಗಂಟೆಯಾದರೂ ಬಿಡಿ. ಕೈಗೆ ಒಣಗಿದ ಹಾಗೆ ಕಂಡರೂ ಗೆರೆಯೊಳಗೆ ತೇವ ಇರುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಮುಂದೂಡಿ ಅಂತ ಹೇಳುತ್ತೇನೆ. ಅದರಲ್ಲೂ ಶಿವಮೊಗ್ಗ, ಮಡಿಕೇರಿ, ಮಂಗಳೂರು ಕಡೆಯವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ಅಷ್ಟು ತೇವ ಇರುವಾಗ ರೆಕಾರ್ಡು ಪೂರ್ತಿ ಒಣಗುವುದಿಲ್ಲ, ಕಾಗದದ ಕವರ್ ಕೂಡ ತೇವ ಹೀರಿಕೊಂಡಿರುತ್ತದೆ, ಎರಡನ್ನೂ ಸೇರಿಸಿಟ್ಟರೆ ನೀವು ತೆಗೆದ ಬೂಷ್ಟು ಮತ್ತೆ ಬರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮಾಡಿ ಮುಗಿಸಿ. ಅವಸರದಲ್ಲಿ ಒಂದೆರಡು ರೆಕಾರ್ಡು ತೊಳೆಯಲೇಬೇಕಾದರೆ ಎಸಿ ಇರುವ ಕೋಣೆಯಲ್ಲಿ ಒಣಗಿಸಿ.

ತೊಳೆದ ರೆಕಾರ್ಡನ್ನು ಹಳೆ ಕವರಿನೊಳಗೆ ವಾಪಸ್ ಹಾಕಬೇಡಿ. ಆಂಟಿ-ಸ್ಟ್ಯಾಟಿಕ್, ಅಂದರೆ ಧೂಳು ಎಳೆದುಕೊಳ್ಳದಂಥ ಪಾಲಿಥಿನ್ ಒಳಕವರ್ ತರಿಸಿಕೊಳ್ಳಿ. ದಪ್ಪ, ಮೆತ್ತನೆಯ ಪಿವಿಸಿ ಕವರ್ ಬೇಡ, ವರ್ಷಗಳಲ್ಲಿ ಅದು ರೆಕಾರ್ಡಿನ ಮೇಲೆ ಮಬ್ಬು ಪದರ ಬಿಡುತ್ತದೆ. ಹೊರಗಿನ ರಟ್ಟಿನ ಕವರ್ ಮೇಲೂ ಬೂಷ್ಟಿದ್ದರೆ ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ಒಂದು ದಿನ ಬಿಡಿ. ಒಳಕವರ್ ಬದಲಾಯಿಸುವಾಗ ಹಳೆಯದರ ಮೇಲೆ ಏನಾದರೂ ಬರೆದಿದೆಯಾ ನೋಡಿ, ಕೊಂಡ ತಾರೀಖು, ಕೊಟ್ಟವರ ಹೆಸರು. ಅಂಥ ಕವರನ್ನು ಬೂಷ್ಟಿಲ್ಲದಿದ್ದರೆ ರಟ್ಟಿನೊಳಗೇ ಬೇರೆಯಾಗಿ ಇಟ್ಟುಕೊಳ್ಳಿ, ಬೂಷ್ಟಿದ್ದರೆ ಎಸೆಯುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗಿರುವ ಬೀರು ಬಿಟ್ಟು ಬೇರೆ ಕಡೆ.

ಹಾಕಿ ಕೇಳುವಾಗ

ತೊಳೆದ ರೆಕಾರ್ಡು ಹಾಕುವ ಮುಂಚೆ ಮುಳ್ಳನ್ನು ಸಣ್ಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒಮ್ಮೆ ಸವರಿ. ಒಂದು ಬದಿ ಪೂರ್ತಿ ಕೇಳಿ, ಆಮೇಲೆ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ನೂಲಿನೆಳೆ ಇದ್ದರೆ ಅದು ನಿಮ್ಮ ಬಟ್ಟೆಯದು, ಚಿಂತೆ ಬೇಡ. ಬೂದು ಮುದ್ದೆ ಮೆತ್ತಿದ್ದರೆ ಜಾಲಾಡಿದ್ದು ಸಾಲದು. ಆಗ ಹಬೆ, ದ್ರಾವಣ ಏನೂ ಬೇಡ, ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಮತ್ತೆರಡು ಸಲ ಜಾಲಾಡಿ ತೆಗೆಯಿರಿ. ಹೀಗೆ ಒಮ್ಮೆ ಸರಿಯಾಗಿ ತೊಳೆದ ರೆಕಾರ್ಡಿಗೆ ಆಮೇಲೆ ಪ್ರತಿ ಸಲ ಕೇಳುವ ಮುಂಚೆ ಕಾರ್ಬನ್ ಫೈಬರ್ ಬ್ರಷ್‌ನಿಂದ ಧೂಳು ತೆಗೆದರೆ ಸಾಕು, ಹಬೆಯ ಕೆಲಸ ಮತ್ತೆ ಬರುವುದಿಲ್ಲ.

ಉಳಿದ ದ್ರಾವಣದ ಬಾಟಲಿಗಳ ಮೇಲೆ ಒಳಗೇನಿದೆ, ಯಾವತ್ತು ಬೆರೆಸಿದ್ದು ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆಲ್ಕೋಹಾಲ್ ಇಲ್ಲದ ದ್ರಾವಣ ತುಂಬಾ ದಿನ ಇಟ್ಟರೆ ಅದರಲ್ಲೇ ಪಾಚಿಯಂಥದ್ದು ಬೆಳೆಯುತ್ತದೆ, ಹಾಗಾಗಿ ಒಂದು ಲೀಟರ್ ಬೆರೆಸುವ ಬದಲು ಆವತ್ತಿಗೆ ಬೇಕಾದ ಕಾಲು ಲೀಟರ್ ಬೆರೆಸಿಕೊಳ್ಳಿ, ಒಂದು ಹನಿ ವೆಟಿಂಗ್ ಏಜೆಂಟ್ ಸಾಕು. ಸ್ಟೀಮರ್ ಒಳಗಿನ ನೀರನ್ನೂ ಅದು ತಣ್ಣಗಾದ ಮೇಲೆ ಚೆಲ್ಲಿ ಒಣಗಿಸಿ ಇಡಿ.